ನನ್ನ ಮೇಲಿನ ದೂರು, ತಪ್ಪಿಲ್ಲದೆ ಐದು ಸಲ

ತಮ್ಮ ಬಗ್ಗೆ ಜನ ಏನು ಹೇಳುತ್ತಾರೆ ಎಂದು ಕೇಳುವುದಕ್ಕೆ ಕೆಲವರು ಹೆದರುತ್ತಾರಂತೆ. ನನಗೆ ಅಂಥ ಹೆದರಿಕೆ ಯಾವತ್ತೂ ಇರಲಿಲ್ಲ. ಒಳ್ಳೆಯದನ್ನೇ ಹೇಳುತ್ತಾರೆ ಎಂದು ಖಾತ್ರಿ ಇದ್ದವಳಿಗೆ ಹೆದರಿಕೆ ಎಲ್ಲಿಂದ ಬರಬೇಕು?

ಹಲಸೂರಿನ ಬಜಾರ್ ಬೀದಿಯಿಂದ ಒಳಕ್ಕೆ ತಿರುಗಿದರೆ ಸಿಗುವ ಒಂದು ಓಣಿಯಲ್ಲಿ, ಟೈಲರ್ ಅಂಗಡಿಯ ಮೇಲಿನ ಮಹಡಿಯಲ್ಲಿ, ನಾನು ಹದಿನಾರು ವರ್ಷ ಟೈಪಿಂಗ್ ಕಲಿಸಿದೆ. ಹದಿನಾಲ್ಕು ಮೆಷಿನ್ನು, ಹದಿನಾಲ್ಕು ಸ್ಟೂಲು, ಒಂದು ಫ್ಯಾನು. ಫ್ಯಾನು ನನ್ನ ತಲೆಯ ಮೇಲೆ. ನನ್ನ ಕೈಯಲ್ಲಿ ಒಂದು ಅಡಿಯ ಮರದ ಸ್ಕೇಲು, ಕಿವಿಯ ಸಂದಿಯಲ್ಲಿ ಕೆಂಪು ಪೆನ್ಸಿಲು. ಇಷ್ಟೇ ನನ್ನ ಸಾಮ್ರಾಜ್ಯ. ಬೆಳಗಿನ ಬ್ಯಾಚನ್ನು ಪ್ರಮೀಳಾ ಎಂಬ ಹುಡುಗಿ ನೋಡಿಕೊಳ್ಳುತ್ತಿದ್ದಳು. ಮೆಷಿನ್ನಿಗೆ ಮೊಣಕೈ ತಗುಲಿದರೂ ಅದಕ್ಕೆ 'ಸಾರಿ' ಹೇಳುವಷ್ಟು ಮೆತ್ತಗಿನ ಹುಡುಗಿ. ಇವಳ ಕೈಕೆಳಗೆ ಯಾರು ಶಿಸ್ತು ಕಲಿಯುತ್ತಾರೆ ಎಂದು ನನಗೆ ಯಾವಾಗಲೂ ಮರುಕ.

ಇನ್‌ಸ್ಟಿಟ್ಯೂಟಿನ ಮಾಲೀಕರು ಮುದಲಿಯಾರ್. ಎಪ್ಪತ್ತು ದಾಟಿದ ಸಾಧು ಮನುಷ್ಯ. ತಿಂಗಳಿಗೊಮ್ಮೆ ಮೆಟ್ಟಿಲು ಹತ್ತಿ ಬಂದು, "ಎಲ್ಲಾ ಚೆನ್ನಾಗಿದ್ಯಾ ಟೀಚರಮ್ಮಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಇಳಿದು ಹೋಗುತ್ತಿದ್ದರು. ಹದಿನಾರು ವರ್ಷ ನಮ್ಮ ಆಡಳಿತ ಹೀಗೆ ಸುಸೂತ್ರವಾಗಿ ನಡೆದಿತ್ತು.

ಆಮೇಲೆ ಅವರಿಗೆ ಎಂ.ಬಿ.ಎ. ಓದಿದ ಅಳಿಯ ಬಂದ.

ಊರೆಲ್ಲ ಕಂಪ್ಯೂಟರ್ ಕಂಪ್ಯೂಟರ್ ಎಂದು ಜಪ ಮಾಡುತ್ತಿದ್ದ ಕಾಲ ಅದು. ಇಂದಿರಾನಗರದಲ್ಲಿ ಹೆಜ್ಜೆಗೊಂದು ಕಂಪ್ಯೂಟರ್ ಕ್ಲಾಸು ಎದ್ದಿತ್ತು. ಅಳಿಯ ಸುಂದರ್ ತನ್ನ ಮಾವನವರೂ ಅಲ್ಲೊಂದು ತೆಗೆಯಬೇಕೆಂದು ನಿರ್ಧರಿಸಿದ. ಹಲಸೂರಿನಲ್ಲಿ ಟೈಪಿಂಗ್ ಹೀಗೇ ಮುಂದುವರಿಯುತ್ತದೆ, ಇಂದಿರಾನಗರದಲ್ಲಿ ಕಂಪ್ಯೂಟರ್ ಶಾಖೆ, ಅದಕ್ಕೊಬ್ಬ ಪ್ರಿನ್ಸಿಪಾಲ್!

ಪ್ರಿನ್ಸಿಪಾಲ್ ಎಂಬ ಪದ ಕಿವಿಗೆ ಬಿದ್ದ ದಿನ ನಾನು ಅನ್ನಕ್ಕೆ ಎರಡು ಸಲ ಉಪ್ಪು ಹಾಕಿದೆ. ಹದಿನಾರು ವರ್ಷ ನಾನು ಬರೀ 'ಟೈಪಿಂಗ್ ಮೇಡಂ'. ಮದುವೆ ಮನೆಗಳಲ್ಲಿ ನನ್ನ ಗಂಡನ ಅಕ್ಕ ನನ್ನನ್ನು ಪರಿಚಯಿಸುವಾಗ "ಇವಳೂ ಏನೋ ಕಲಿಸ್ತಾಳೆ" ಎನ್ನುತ್ತಿದ್ದರು. ನನಗೆ ಆ ಕುರ್ಚಿ ಬೇಕಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ತುಂಬಾ ಬೇಕಿತ್ತು. ಕಂಪ್ಯೂಟರ್ ಬರುವುದಿಲ್ಲ ಎಂಬುದು ನನಗೆ ಅಡ್ಡಿ ಎನಿಸಲಿಲ್ಲ. ಪ್ರಿನ್ಸಿಪಾಲರಿಗೆ ಕುಳಿತುಕೊಳ್ಳಲು ಬಂದರೆ ಸಾಕು.

ಒಂದು ಮಧ್ಯಾಹ್ನ ಸುಂದರ್ ಬಂದು ನನ್ನ ಕರಿಹಲಗೆಯ ಮೇಲೆ ನಡುವೆ ಒಂದು ದೊಡ್ಡ ಸೊನ್ನೆ ಬರೆದ. ಸುತ್ತ ಎಂಟು ಸಣ್ಣ ಸೊನ್ನೆ ಬರೆದ.

"ಮೇಡಂ, ಇದು ಸ್ಟೇಕ್‌ಹೋಲ್ಡರ್ ಥಿಯರಿ."

"ಓಹೋ" ಎಂದೆ. ಒಂಬತ್ತು ಸೊನ್ನೆ ಕೂಡಿದರೂ ಸೊನ್ನೆಯೇ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕುರ್ಚಿಯ ನೆನಪಾಗಿ ನುಂಗಿಕೊಂಡೆ.

"ನಡುವೆ ಇರೋದು ನಮ್ಮ ಸಂಸ್ಥೆ. ನಮ್ಮಿಂದ ಯಾರ್ಯಾರಿಗೆ ಏನೇನು ಆಗತ್ತೋ, ಒಳ್ಳೇದೋ ಕೆಟ್ಟದ್ದೋ, ಅವರೆಲ್ಲ ಸ್ಟೇಕ್‌ಹೋಲ್ಡರ್ಸ್. ಫೀಸ್ ಕೊಡೋ ಸ್ಟೂಡೆಂಟ್ಸ್ ಮಾತ್ರ ಅಲ್ಲ, ಅಕ್ಕಪಕ್ಕದೋರೂ ಸೇರ್ತಾರೆ. ಅವರ ಹತ್ರ ಫೀಡ್‌ಬ್ಯಾಕ್ ತಗೋಬೇಕು, ತಗೊಂಡು ನಾವು ಬದಲಾಗ್ಬೇಕು. ಆಗ ನಾವು ಲರ್ನಿಂಗ್ ಆರ್ಗನೈಸೇಷನ್ ಆಗ್ತೀವಿ."

"ಇಷ್ಟು ದಿನ ನಾವು ಮಾಡ್ತಿದ್ದಿದ್ದೇನು ಸುಂದರ್? ಕಲಿಸ್ತಾನೇ ಇದೀವಲ್ಲ?"

"ಕಲಿಸ್ತಿದ್ರಿ ಮೇಡಂ. ನೀವು ಏನಾದ್ರೂ ಕಲಿತ್ರಾ?"

ಎಂಥ ಪ್ರಶ್ನೆ! ನಾನೇ ಟೀಚರ್ ಆದ ಮೇಲೆ ನಾನ್ಯಾಕೆ ಕಲಿಯಲಿ?

"ಒಂದು ತಿಂಗಳು ಟೈಮ್ ಇದೆ" ಎಂದ ಸುಂದರ್. "ಫೀಡ್‌ಬ್ಯಾಕ್ ಚೆನ್ನಾಗಿ ಬಂದ್ರೆ ನೀವೇ ಪ್ರಿನ್ಸಿಪಾಲ್. ಇಲ್ಲಾಂದ್ರೆ ಹೊರಗಿಂದ ಒಬ್ರನ್ನ ನೋಡಿದೀನಿ. ದೊಮ್ಮಲೂರಲ್ಲಿದಾರೆ, ಕಂಪ್ಯೂಟರ್ ಡಿಪ್ಲೊಮಾ ಆಗಿದೆ. ತುಂಬಾ ಒಳ್ಳೇ ಸ್ವಭಾವ."

ಆ ಕೊನೆಯ ಎರಡು ಪದ ಯಾಕೆ ಹೇಳಿದ ಎಂದು ನನಗೆ ಆಗ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಮನೆಯಲ್ಲಿ ಕಾಗದ ಪೆನ್ನು ಹಿಡಿದು ಕೂತೆ. ನನ್ನ ಗಂಡನಿಗೆ ಕಾರ್ಖಾನೆಯಲ್ಲಿ ಕೆಲಸ. ಮಾತು ಕಡಿಮೆ, ಆಡಿದ ಮಾತಿನಲ್ಲಿ ಖಾರ ಜಾಸ್ತಿ.

"ರೀ, ನಮ್ಮ ಇನ್‌ಸ್ಟಿಟ್ಯೂಟಿಂದ ಯಾರ್ಯಾರಿಗೆ ಏನೇನಾಗತ್ತೆ ಹೇಳಿ."

"ಕೆಳಗಡೆ ಟೈಲರ್‌ಗೆ ತಲೆನೋವಾಗತ್ತೆ."

"ಒಳ್ಳೇದು ಹೇಳ್ರೀ!"

ಅವರು ಯೋಚಿಸಿದರು. ಒಂದು ಲೋಟ ಕಾಫಿ ಮುಗಿಯುವವರೆಗೆ ಯೋಚಿಸಿದರು. ಕಾಫಿ ಮುಗಿಯಿತು. ಪೇಪರ್ ತೆಗೆದುಕೊಂಡರು.

ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡರು ಅಂತಾರಲ್ಲ, ನಾನು ಆವತ್ತೇ ಬಿಟ್ಟುಕೊಂಡೆ. ಸೀದಾ ಹೋಗಿ ಕೆಳಗಿನ ಟೈಲರ್ ಖಲೀಲ್ ಭಾಯಿಯವರ ಅಂಗಡಿಯ ಮುಂದೆ ನಿಂತೆ. ಹದಿನಾರು ವರ್ಷದಲ್ಲಿ ಅವರು ನನ್ನೊಡನೆ ಒಂದು ಕಠಿಣ ಮಾತು ಆಡಿದವರಲ್ಲ. ಮೆಟ್ಟಿಲಿನ ಹತ್ತಿರ ಎದುರಾದರೆ ಹಣೆಗೆ ಕೈ ಮುಟ್ಟಿಸಿ "ಸಲಾಂ ಮೇಡಂ" ಎಂದು ದಾರಿ ಬಿಡುವ ಸಂಭಾವಿತರು.

"ಖಲೀಲ್ ಭಾಯ್, ನೀವು ನಮ್ಮ ಸ್ಟೇಕ್‌ಹೋಲ್ಡರ್ರು. ನಮ್ಮಿಂದ ಏನಾದ್ರೂ ತೊಂದರೆ ಇದ್ರೆ ಮುಚ್ಚುಮರೆ ಇಲ್ದೆ ಹೇಳಿ."

ಅವರು ಕತ್ತರಿ ಕೆಳಗಿಟ್ಟರು. ಕನ್ನಡಕ ತೆಗೆದು ಒರೆಸಿದರು. ಸ್ಟೂಲು ಎಳೆದು ನನಗೆ ಕೊಟ್ಟರು. ಅಲ್ಲೇ ನನಗೆ ಅಪಾಯದ ವಾಸನೆ ಬಡಿಯಬೇಕಿತ್ತು. ಒಂದೇ ಮಾತು ಹೇಳುವವರು ಸ್ಟೂಲು ಕೊಡುವುದಿಲ್ಲ.

"ಅರೇ ಮೇಡಂ, ಹದಿನಾರು ವರ್ಷದಿಂದ ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಈಗ ನೀವೇ ಕೇಳ್ತಿದೀರಲ್ಲ, ಶುಕ್ರಿಯಾ. ಸಂಜೆ ನಿಮ್ಮ ಸ್ಪೀಡ್ ಟೆಸ್ಟ್ ಶುರು ಆಗತ್ತಲ್ಲ, ನಮ್ಮ ಸೂರು ನಡುಗತ್ತೆ. ಬಟ್ಟೆ ಮೇಲೆ ಸೀದಾ ಗೆರೆ ಎಳೆದ್ರೆ ಹಾವಿನ ತರಹ ಹೋಗತ್ತೆ. ಹೋದ ವರ್ಷ ಪುಲಿಕೇಶಿನಗರದ ಒಬ್ಬ ಮದುಮಗನ ಶೇರ್ವಾನಿ, ಒಂದು ತೋಳು ಉದ್ದ, ಒಂದು ತೋಳು ಗಿಡ್ಡ. ಪಾಪ, ನಿಕಾಹ್ ಫೋಟೋದಲ್ಲಿ ಒಂದು ಕೈ ಬೆನ್ನ ಹಿಂದೆ ಇಟ್ಕೊಂಡೇ ನಿಂತಿದಾನೆ. ಗಾರೆ ಅಂತೂ ದಿನಾ ಚಾಯ್‌ನಲ್ಲಿ ಬೀಳತ್ತೆ..."

ಅರ್ಧ ಗಂಟೆ ಹೇಳಿದರು. ಕೊನೆಗೆ ಏಳುವಾಗ "ಹೇಳಿದ್ದಕ್ಕೆ ಧನ್ಯವಾದ. ಇನ್ನು ಮುಂದೆಯೂ ಹೀಗೇ ಹೇಳ್ತಿರಿ" ಎಂದುಬಿಟ್ಟೆ. ಸುಂದರ್ ಹಾಗೆ ಹೇಳಬೇಕೆಂದು ಹೇಳಿಕೊಟ್ಟಿದ್ದ.

ಅಂದಿನಿಂದ ದಿನಾ ಸಂಜೆ ಒಂದು ಕಾಗದದ ಪೊಟ್ಟಣ ನನ್ನ ಮೇಜಿಗೆ ಬರತೊಡಗಿತು. ಬಿಚ್ಚಿದರೆ ಒಳಗೆ ಅವತ್ತು ಬಿದ್ದ ಗಾರೆ! ಮೇಲೆ ಟೈಲರ್ ಸೀಮೆಸುಣ್ಣದಲ್ಲಿ ಒಂದು ಸಾಲು: 'ಇವತ್ತಿನ ಫೀಡ್‌ಬ್ಯಾಕ್.' ಪಕ್ಕದಲ್ಲಿ ಸಹಿ.

ಆದರೂ ನಾನು ಧೃತಿಗೆಡಲಿಲ್ಲ. ಟೈಲರ್ ಏನು ಬಲ್ಲರು ನನ್ನ ಪಾಠದ ವಿಚಾರ? ನನ್ನ ವಿದ್ಯಾರ್ಥಿಗಳಿದ್ದಾರೆ. ಸಂಜೆ ಆರರ ಬ್ಯಾಚಿನಲ್ಲಿ ಹದಿನಾಲ್ಕು ಜನ, ಹದಿನಾಲ್ಕು ರತ್ನಗಳು. ಹಗಲೆಲ್ಲ ಅಂಗಡಿ, ಆಸ್ಪತ್ರೆ, ಕಾರ್ಖಾನೆ ಎಂದು ದುಡಿದು ಬಂದು ಕಲಿಯುವವರು. ಅವರ ಬಾಯಿಂದ ನನ್ನ ಬಗ್ಗೆ ಜೇನು ಸುರಿಯುತ್ತದೆ ಎಂದು ಗ್ಯಾರಂಟಿ ಇತ್ತು.

ಸುಂದರ್ ಒಂದು ತಗಡಿನ ಬಿಸ್ಕತ್ ಡಬ್ಬ ತಂದ. ಮುಚ್ಚಳದಲ್ಲಿ ಸೀಳು ಮಾಡಿ, ಸಣ್ಣ ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗಿಳಿಸಿದ. "ಹೆಸರು ಬರೀಬಾರ್ದು ಮೇಡಂ. ಯಾರು ಬರೆದಿದ್ದು ಅಂತ ಗೊತ್ತಾಗ್ಬಾರ್ದು. ಆಗಲೇ ಜನ ನಿಜ ಹೇಳೋದು."

"ಖಂಡಿತ" ಎಂದೆ. ಕೈಬರಹದಲ್ಲಿ ಬರೆದರೆ ಗುರುತು ಸಿಕ್ಕಿಬಿಡುತ್ತದಲ್ಲ, ಅದಕ್ಕೆ ಎಲ್ಲರೂ ಟೈಪ್ ಮಾಡಿಯೇ ಹಾಕಲಿ ಎಂಬ ಬುದ್ಧಿವಂತಿಕೆಯ ಸಲಹೆ ನನ್ನದೇ. ಗುಟ್ಟೂ ಉಳಿಯುತ್ತದೆ, ಅಭ್ಯಾಸವೂ ಆಗುತ್ತದೆ. ನಮೂನೆಯನ್ನು ನಾನೇ ಟೈಪ್ ಮಾಡಿ ಕೊನೆಗೆ ಒಂದು ಸೂಚನೆ ಸೇರಿಸಿದೆ: 'ಪೂರ್ಣಗೊಂಡ ಹಾಳೆಯನ್ನು ಯಾರ ಕೈಗೂ ಕೊಡದೆ ನೇರವಾಗಿ ಡಬ್ಬದಲ್ಲೇ ಹಾಕತಕ್ಕದ್ದು.' ನನ್ನ ಪ್ರಾಮಾಣಿಕತೆಯನ್ನು ನಾನೇ ಮೆಚ್ಚಿಕೊಂಡೆ.

ಅಂದು ಸಂಜೆ ಹದಿನಾಲ್ಕು ಮೆಷಿನ್ನೂ ಒಟ್ಟಿಗೆ ಮೊಳಗಿದವು. ಯಾರೂ ತಲೆ ಎತ್ತಲಿಲ್ಲ. ಹದಿನಾರು ವರ್ಷದಲ್ಲಿ ಅಷ್ಟು ಶ್ರದ್ಧೆಯಿಂದ ಯಾರೂ ಟೈಪ್ ಮಾಡಿದ್ದನ್ನು ನಾನು ನೋಡಿರಲಿಲ್ಲ. ನನ್ನ ಗುಣಗಾನಕ್ಕೆ ಹಾಳೆ ಸಾಲುತ್ತಿಲ್ಲವೇನೋ ಎಂದುಕೊಂಡು ಕಣ್ಣು ತೇವವಾಯಿತು.

ಮೂರು ದಿನ ಆ ಡಬ್ಬ ನನ್ನ ಕಣ್ಣೆದುರೇ ಕೂತಿತ್ತು. ನಾಲ್ಕನೆಯ ದಿನ ಮಧ್ಯಾಹ್ನ, ಯಾರೂ ಇಲ್ಲದ ಹೊತ್ತಿನಲ್ಲಿ, ಅಕ್ಷರಗಳ ಅಂದ ನೋಡೋಣ ಎಂಬ ಒಂದೇ ಉದ್ದೇಶದಿಂದ ಅದನ್ನು ಹತ್ತಿರಕ್ಕೆಳೆದುಕೊಂಡೆ. ಬೀಗ ಮುಂದೆ ಇತ್ತು. ನಾನು ಬೀಗ ಮುಟ್ಟಲಿಲ್ಲ, ದೇವರಾಣೆ! ಹಿಂದಿನ ಕೀಲಿನ ಕಡ್ಡಿಯನ್ನು ಎಳೆದೆ. ಹದಿನಾರು ವರ್ಷ ಟೈಪ್‌ರೈಟರ್ ಬಿಚ್ಚಿದ ಕೈಗೆ ಒಂದು ಹೇರ್‌ಪಿನ್ ಸಾಕಾಯಿತು.

ಹಾಳೆಗಳನ್ನು ಮನೆಗೆ ತಂದೆ. ಭಾನುವಾರ ಬೆಳಿಗ್ಗೆ ಗಂಡನೂ ಕೇಳಿ ಹೆಮ್ಮೆಪಡಲಿ ಎಂದು ಗಟ್ಟಿಯಾಗಿ ಓದತೊಡಗಿದೆ.

"'ಮೇಡಂ ಪ್ರಶ್ನೆ ಕೇಳುತ್ತಾರೆ. ಉತ್ತರವನ್ನೂ ಅವರೇ ಹೇಳುತ್ತಾರೆ. ಆಮೇಲೆ ಆ ಉತ್ತರ ತಪ್ಪು ಎಂದು ನಮ್ಮನ್ನು ಬೈಯುತ್ತಾರೆ.'"

ಗಂಡ ಪೇಪರ್ ಇಳಿಸಿದರು. "ಯಾರೇ ಇದನ್ನ ಬರೆದಿದ್ದು? ನಮ್ಮನೇಲಿ ಬಂದು ಇದ್ದು ಹೋಗಿದಾರಾ?"

ಅಲ್ಲಿಗೆ ಗಟ್ಟಿಯಾಗಿ ಓದುವುದನ್ನು ನಿಲ್ಲಿಸಿದೆ. 'ಫ್ಯಾನು ಮೇಡಂ ತಲೆಯ ಮೇಲೆ, ಬೆವರು ನಮ್ಮ ತಲೆಯ ಮೇಲೆ' ಎಂದು ಒಬ್ಬರು. 'ಸ್ಕೇಲನ್ನು ಗೆರೆ ಎಳೆಯುವುದಕ್ಕೂ ಬಳಸಬಹುದು ಎಂದು ವಿನಂತಿ' ಎಂದು ಇನ್ನೊಬ್ಬರು. 'ಮೇಡಂ ಏಳು ಗಂಟೆಗೆ ಹತ್ತು ನಿಮಿಷ ಕಣ್ಣು ಮುಚ್ಚುತ್ತಾರೆ. ನನಗೆ ಸ್ಪೀಡ್ ಬರುವುದು ಆ ಹತ್ತು ನಿಮಿಷದಲ್ಲೇ. ಅದನ್ನು ಅರ್ಧ ಗಂಟೆಗೆ ಏರಿಸಬೇಕು' ಎಂದು ಮತ್ತೊಬ್ಬರು. 'ಮೇಡಂ ಭಾಳ ಸಿಡುಕತಾರ. ಅವರು ಹಿಂದ ಬಂದು ನಿಂತ್ರ ನನ್ನ ಹತ್ತು ಬೆರಳು ಐದಾಗತಾವ' ಎಂದು ಇನ್ನೊಂದು.

ನನಗೆ ಅಳು ಬಂತು. ನಿಜವಾಗಿಯೂ ಬಂತು. ಇವರಿಗಾಗಿ ನಾನು ಹಬ್ಬದ ದಿನವೂ ಬಾಗಿಲು ತೆಗೆದವಳು. ಜ್ವರ ಬಂದಾಗಲೂ ಮಫ್ಲರ್ ಸುತ್ತಿಕೊಂಡು ಬಂದು ಬೈದವಳು! ಹದಿನಾಲ್ಕರಲ್ಲಿ ಹೊಗಳಿಕೆ ಎನ್ನಬಹುದಾದದ್ದು ಮೂರು. ಒಂದರಲ್ಲಿ 'ಮೇಡಂ ಒಳ್ಳೆಯವರು' ಎಂದಿತ್ತು. ಎರಡನೆಯದರಲ್ಲಿ 'ಏನೂ ಹೇಳುವುದಿಲ್ಲ' ಎಂದಿತ್ತು. ಮೂರನೆಯದು ಖಾಲಿ ಹಾಳೆ. ದೂರಿಲ್ಲ ಎಂದರೆ ಹೊಗಳಿಕೆಯೇ ಎಂದು ಅದನ್ನೂ ಸೇರಿಸಿಕೊಂಡೆ.

ಅಳುತ್ತಲೇ ಹಾಳೆಗಳನ್ನು ಮತ್ತೆ ನೋಡಿದೆ. ನೋಡುತ್ತಾ ನೋಡುತ್ತಾ ಅಳು ನಿಂತು ಸಿಟ್ಟು ನೆತ್ತಿಗೇರಿತು. ಏನು ಟೈಪಿಂಗ್ ಇದು! ಎಡಗಡೆ ಹತ್ತು ಅಕ್ಷರ ಮಾರ್ಜಿನ್ ಬಿಡಬೇಕು, ಬಿಟ್ಟಿಲ್ಲ. ಪೂರ್ಣವಿರಾಮದ ನಂತರ ಎರಡು ಜಾಗ ಬಿಡಬೇಕು, ಒಂದೇ ಬಿಟ್ಟಿದ್ದಾರೆ. ಒಂದು ಹಾಳೆಯಲ್ಲಿ 'ಸಿಡುಕು' ಎಂಬಲ್ಲಿ ಅಕ್ಷರದ ಮೇಲೆ ಅಕ್ಷರ ಹೊಡೆದಿದ್ದಾರೆ! ನನ್ನ ಮೇಲಿನ ದೂರು ಇರಲಿ, ಇಂಥ ಹಾಳೆ ಸುಂದರ್ ಕೈಗೆ ಹೋದರೆ ಇನ್‌ಸ್ಟಿಟ್ಯೂಟಿನ ಮಾನ ಉಳಿಯುತ್ತದೆಯೇ? ಕಿವಿಯ ಸಂದಿಯಿಂದ ಕೆಂಪು ಪೆನ್ಸಿಲು ತಾನಾಗಿಯೇ ಕೈಗಿಳಿಯಿತು. ಹನ್ನೊಂದು ಹಾಳೆಯಲ್ಲೂ ಸುತ್ತು ಹಾಕಿದೆ, ಊರಿನ ಮಾತು ಕಂಡಲ್ಲಿ ಪುಸ್ತಕದ ಕನ್ನಡಕ್ಕೆ ತಿದ್ದಿದೆ. ಪ್ರತಿಯೊಂದರ ಮೇಲೂ ಅಭ್ಯಾಸಬಲದಿಂದ ಬರೆದೆ: 'ತಪ್ಪಿಲ್ಲದೆ ಐದು ಸಲ.'

ಯಾರ ಹಾಳೆ ಯಾವುದು ಎಂದು ತಿಳಿಯಲು ನನಗೆ ಹೆಸರು ಬೇಕಿರಲಿಲ್ಲ. ನಮ್ಮಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮೆಷಿನ್ನು, ಕೋರ್ಸ್ ಮುಗಿಯುವವರೆಗೂ ಅದೇ. ಮೆಷಿನ್ನುಗಳ ಕಾಯಿಲೆಗಳು ನನಗೆ ಬಾಯಿಪಾಠ. ಮೂರನೆಯದರ 'ರ' ಹೊಟ್ಟೆಯಲ್ಲಿ ಮಸಿ ತುಂಬಿಕೊಳ್ಳುತ್ತದೆ. ಹನ್ನೊಂದನೆಯದರ 'ತ' ಬಲಕ್ಕೆ ವಾಲುತ್ತದೆ. ಏಳನೆಯದರ 'ಮ' ಸಾಲು ಬಿಟ್ಟು ಮೇಲಕ್ಕೆ ಹಾರುತ್ತದೆ.

ಏಳನೆಯ ಮೆಷಿನ್ನು ಸರೋಜಾಳದು. ಕಲಬುರಗಿ ಕಡೆಯ ಹುಡುಗಿ. ಕೆ.ಆರ್. ಪುರದಲ್ಲಿ ಅಣ್ಣನ ಸಂಸಾರದ ಜೊತೆ ಒಂದು ಬಾಡಿಗೆ ಕೋಣೆಯಲ್ಲಿದ್ದಳು. ಹಗಲು ಬಟ್ಟೆ ಅಂಗಡಿಯಲ್ಲಿ ನಿಂತು, ಸಂಜೆ ಎರಡು ಬಸ್ಸು ಬದಲಾಯಿಸಿ ಬಂದು ಟೈಪಿಂಗ್ ಕಲಿಯುತ್ತಿದ್ದಳು. ಸೋಮವಾರ ಅವಳ ಹಾಳೆಯನ್ನು ಅವಳ ಮುಂದಿಟ್ಟೆ.

ಹುಡುಗಿ ಬಿಳಿಚಿಕೊಂಡಳು. "ಮೇಡಂ, ಇದರಾಗ ಹೆಸರಾ ಹಾಕಿಲ್ಲಲ್ರೀ. ಇದು ನಂದಾ ಅಂತ ಹೆಂಗ್ ಗೊತ್ತಾತ್ರೀ?"

"ನಿನ್ನ 'ಮ' ನೋಡಿದ್ರೆ ಗೊತ್ತಾಗಲ್ವೇನೇ? ಏಳು ತಪ್ಪಿದೆ. ವಿಷಯ ಏನಾದ್ರೂ ಇರ್ಲಿ, ಅದು ನಿನ್ನ ಅಭಿಪ್ರಾಯ, ನಾನು ಗೌರವಿಸ್ತೀನಿ. ಆದ್ರೆ ಮಾರ್ಜಿನ್ ಎಲ್ಲಿ?"

ಹೀಗೇ ಹನ್ನೊಂದು ಹಾಳೆಯನ್ನೂ ಅವರವರಿಗೆ ಹಿಂದಿರುಗಿಸಿದೆ. ವಿಷಯದ ಬಗ್ಗೆ ನಾನು ಯಾರಿಗೂ ಒಂದೇ ಒಂದು ಮಾತು ಆಡಲಿಲ್ಲ. ನನ್ನ ದೊಡ್ಡತನ ನೋಡಿ! ತಮ್ಮ ಕಳ್ಳತನ ಗೊತ್ತಾಯಿತು ಎಂದು ಹೆದರಿ ಎಲ್ಲರೂ ಹಾಳೆ ಹರಿದು ಎಸೆಯುತ್ತಾರೆ, ಅಲ್ಲಿಗೆ ವಿಷಯ ಮುಗಿಯುತ್ತದೆ ಎಂಬುದು ನನ್ನ ಲೆಕ್ಕ. ಹೊಗಳಿಕೆಯ ಮೂರು ಹಾಳೆಗಳನ್ನು ಜೋಪಾನವಾಗಿ ಡಬ್ಬದೊಳಗೆ ಹಾಕಿ, ಕೀಲಿಗೆ ಕಡ್ಡಿ ತೂರಿಸಿ, ತಿಪಟೂರಿನಲ್ಲಿ ನಾದಿನಿಯ ಮನೆಯ ಗೃಹಪ್ರವೇಶಕ್ಕೆ ನಾಲ್ಕು ದಿನ ಹೋದೆ. ಮೂರೇ ಹಾಳೆ ಎಂದು ಸುಂದರ್ ಕೇಳಿದರೆ ಏನು ಹೇಳಬೇಕೆಂಬುದನ್ನೂ ರೈಲಿನಲ್ಲೇ ಸಿದ್ಧಮಾಡಿಕೊಂಡೆ. ಸಂಖ್ಯೆ ಮುಖ್ಯವಲ್ಲ ಸುಂದರ್, ಗುಣಮಟ್ಟ ಮುಖ್ಯ!

ಆದರೆ ನನ್ನ ವಿದ್ಯಾರ್ಥಿಗಳಿಗೆ ನಾನು ಮೊದಲ ದಿನವೇ ಕಲಿಸುವ ಪಾಠ ಒಂದಿದೆ. ಎದುರಿಗಿರುವ ಹಾಳೆಯಲ್ಲಿ ಏನು ಬರೆದಿದೆ ಎಂದು ಯೋಚಿಸಬಾರದು, ಇದ್ದದ್ದನ್ನು ಇದ್ದ ಹಾಗೆ ಹೊಡೆಯಬೇಕು. ಅರ್ಥ ನಿಮ್ಮ ಕೆಲಸವಲ್ಲ, ಅಕ್ಷರ ನಿಮ್ಮ ಕೆಲಸ! ಈ ಪಾಠವನ್ನು ಅವರು ಎಷ್ಟು ಚೆನ್ನಾಗಿ ಕಲಿತಿದ್ದರು ಎಂಬುದು ನನಗೆ ತಿಳಿದದ್ದು ಸಭೆಯ ದಿನ.

ಭಾನುವಾರ ಬೆಳಿಗ್ಗೆ ಹತ್ತೂವರೆಗೆ ಸ್ಟೇಕ್‌ಹೋಲ್ಡರ್‌ಗಳ ಸಭೆ. ಮುದಲಿಯಾರ್ ನನ್ನ ಕುರ್ಚಿಯಲ್ಲಿ, ಫ್ಯಾನಿನ ಕೆಳಗೆ. ಹದಿನಾಲ್ಕು ಜನ ತಮ್ಮ ತಮ್ಮ ಸ್ಟೂಲಿನ ಮೇಲೆ. ಖಲೀಲ್ ಭಾಯಿ ಇಸ್ತ್ರಿ ಮಾಡಿದ ಬಿಳಿ ಜುಬ್ಬದಲ್ಲಿ, ಕೈಯಲ್ಲಿ ಎರಡು ಪೊಟ್ಟಣ ಹಿಡಿದು. ನಾನು ತಿಪಟೂರಿನಲ್ಲಿ ಉಡುಗೊರೆಯಾಗಿ ಬಂದ ಹೊಸ ರೇಷ್ಮೆ ಸೀರೆಯಲ್ಲಿ. ಪ್ರಿನ್ಸಿಪಾಲರ ನಿಲುವು ಹೇಗಿರಬೇಕೆಂದು ಕನ್ನಡಿಯ ಮುಂದೆ ಅಭ್ಯಾಸ ಮಾಡಿ ಬಂದಿದ್ದೆ.

ಸುಂದರ್ ಬೀಗ ತೆಗೆದ. ಮುಚ್ಚಳ ಏಳಲಿಲ್ಲ. ಜೋರಾಗಿ ಎಳೆದ. ಆಗಲೂ ಏಳಲಿಲ್ಲ.

"ಒಳಗಡೆ ಬಿಗಿಯಾಗಿ ತುಂಬಿದೆ ಮೇಡಂ" ಎಂದ.

ಮೂರು ಹಾಳೆ ಹೇಗೆ ಬಿಗಿಯಾಗುತ್ತದೆ ಎಂದು ನಾನು ಯೋಚಿಸುತ್ತಿರುವಾಗಲೇ ಖಲೀಲ್ ಭಾಯಿ ಮುಂದೆ ಬಂದು ಡಬ್ಬದ ತಳಕ್ಕೆ ಒಂದು ಏಟು ಕೊಟ್ಟರು. ಮುಚ್ಚಳ ಹಾರಿತು. ಹಾಳೆಗಳು ಉಕ್ಕಿ ಮೇಜಿನ ಮೇಲೆಲ್ಲ ಹರಡಿದವು.

ಸುಂದರ್ ಒಂದು ಎತ್ತಿಕೊಂಡು ಓದಿದ. "'ಮೇಡಂ ಬಹಳ ಸಿಡುಕುತ್ತಾರೆ. ಅವರು ಹಿಂದೆ ಬಂದು ನಿಂತರೆ ನನ್ನ ಹತ್ತು ಬೆರಳು ಐದಾಗುತ್ತವೆ.'" ಇನ್ನೊಂದು ಎತ್ತಿಕೊಂಡ. "'ಮೇಡಂ ಬಹಳ ಸಿಡುಕುತ್ತಾರೆ...'" ಮತ್ತೊಂದು. "'ಮೇಡಂ ಬಹಳ...' ಅರೆ! ಫ್ಯಾನಿನ ಬಗ್ಗೇನೂ ಐದು ಬಂದಿದೆ. ಸ್ಕೇಲ್ ಬಗ್ಗೇನೂ ಐದು. ಮಾವ, ಇಲ್ನೋಡಿ, ಹದಿನಾಲ್ಕು ಜನಕ್ಕೆ ಐವತ್ತೆಂಟು ಹಾಳೆ!"

ಹನ್ನೊಂದೈದಲೆ ಐವತ್ತೈದು, ಹೊಗಳಿಕೆಯ ಮೂರು ಸೇರಿದರೆ ಐವತ್ತೆಂಟು ಎಂದು ನಾನು ಮನಸ್ಸಿನಲ್ಲೇ ಕೂಡಿದೆ.

"ಇದನ್ನ ಸ್ಟ್ರಾಂಗ್ ಫೀಡ್‌ಬ್ಯಾಕ್ ಅಂತಾರೆ ಮಾವ" ಎಂದ ಸುಂದರ್, ಗಾಬರಿಯಿಂದ. "ಒಬ್ಬೊಬ್ರು ಐದೈದು ಸಲ ದೂರು ಕೊಟ್ಟಿದಾರೆ ಅಂದ್ರೆ ಎಷ್ಟು ನೊಂದಿರ್ಬೇಕು! ಅದೂ ಎಷ್ಟು ನೀಟಾಗಿ! ಒಂದೇ ಒಂದು ತಪ್ಪಿಲ್ಲ!"

ಇಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿದ್ದರೆ ಏನೋ ಒಂದು ಹೇಳಿ ಪಾರಾಗುತ್ತಿದ್ದೆನೇನೋ. ಆದರೆ ಅಷ್ಟರಲ್ಲಿ ಸುಂದರ್ ಎತ್ತಿಹಿಡಿದ ಹಾಳೆಯ ಮೇಲೆ ನನ್ನ ಕಣ್ಣು ಬಿತ್ತು. 'ಮ' ಸಾಲು ಬಿಟ್ಟು ಹಾರಿತ್ತು. ಅಕ್ಷರಗಳು ನೀಲಿ. ಅಂಚುಗಳು ಮಸುಕು. ಕಾರ್ಬನ್!

ಮೈಯೆಲ್ಲ ಉರಿದುಹೋಯಿತು. ಕುರ್ಚಿ, ಪ್ರಿನ್ಸಿಪಾಲು, ರೇಷ್ಮೆ ಸೀರೆ ಎಲ್ಲ ಮರೆತುಹೋಯಿತು.

"ಏನೇ ಸರೋಜಾ!" ಎಂದು ಕಿರುಚಿದೆ. "ಐದು ಸಲ ಹೊಡಿ ಅಂದ್ರೆ ಒಂದ್ಸಲ ಹೊಡೆದು ನಾಲ್ಕು ಕಾರ್ಬನ್ ಹಾಕಿದೀಯಾ? ಯಾರನ್ನ ಏಮಾರಿಸ್ತೀಯ? ಇನ್ನೊಂದ್ಸಲ ಹೊಡಿ, ಐದೂ!"

ಸರೋಜಾ ಎದ್ದು ನಿಂತು, ಅಭ್ಯಾಸಬಲದಿಂದ ಮೆಷಿನ್ನಿಗೆ ಹಾಳೆ ಏರಿಸತೊಡಗಿದಳು.

"ಮೇಡಂ" ಎಂದ ಸುಂದರ್ ನಿಧಾನವಾಗಿ. "ಡಬ್ಬದ ಬೀಗದ ಕೈ ನನ್ನ ಹತ್ರ ಇತ್ತು. ಹೆಸರು ಯಾರೂ ಬರೆದಿಲ್ಲ. ಐದು ಸಲ ಹೊಡಿ ಅಂತ ಹೇಳಿದ್ದು... ನೀವಾ?"

ನನ್ನ ಕೈ ಕಿವಿಯ ಸಂದಿಯ ಪೆನ್ಸಿಲನ್ನು ಮುಚ್ಚಿಕೊಳ್ಳಲು ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ವಂಶದವಳು ನಾನೇ ಎಂದು ಎಲ್ಲರಿಗೂ ಗೊತ್ತಾಯಿತು. ಅಷ್ಟು ಜನರ ಮುಂದೆ ಕೀಲು, ಹೇರ್‌ಪಿನ್ನು ಎಲ್ಲ ಒಪ್ಪಿಕೊಂಡೆ. ಆ ಕುರ್ಚಿ ಇಂದಿರಾನಗರದಿಂದ ಎದ್ದು ದೊಮ್ಮಲೂರಿನ ಕಡೆ ನಡೆದುಹೋಗುವುದು ನನ್ನ ಕಣ್ಣಿಗೆ ಕಾಣಿಸುತ್ತಿತ್ತು.

ಸುಂದರ್ ಹಾಳೆಗಳನ್ನು ಜೋಡಿಸಿ ಚೀಲಕ್ಕೆ ಹಾಕಿಕೊಂಡ. "ಸಾರಿ ಮೇಡಂ. ರಿಪೋರ್ಟ್ ಕ್ಲಿಯರ್ ಆಗಿದೆ."

"ಇರಪ್ಪಾ ಮಾಪಿಳ್ಳೆ" ಎಂದು ಅಳಿಯನನ್ನು ತಡೆದರು ಮುದಲಿಯಾರ್. "ಕಾಗದ ಕಾಗದಾನೇ. ಹದಿನಾರು ವರ್ಷ ಇದ್ದೋರು ಅವರು. ಒಂದು ಮಾತು ಬಾಯಲ್ಲೂ ಕೇಳಿಬಿಡು."

ಸುಂದರ್ ಒಲ್ಲದ ಮನಸ್ಸಿನಿಂದ ತಿರುಗಿದ. "ಸರಿ. ಮೇಡಂ ಇಂದಿರಾನಗರಕ್ಕೆ ಪ್ರಿನ್ಸಿಪಾಲ್ ಆಗಿ ಹೋಗ್ಲಿ ಅನ್ನೋರು ಕೈ ಎತ್ತಿ."

ನಾನು ಕಣ್ಣು ಮುಚ್ಚಿಕೊಂ‍ಡೆ. ಸರೋಜಾಳ ದನಿ ಕೇಳಿಸಿತು. "ಸರ್, ಮೇಡಂ ಅಲ್ಲಿಗೆ ಹ್ವಾದ್ರ ಇಲ್ಲಿ ಸಂಜಿ ಬ್ಯಾಚಿಗೆ ಪ್ರಮೀಳಾ ಮಿಸ್ ಬರ್ತಾರೇನ್ರೀ?"

"ಹೌದು, ಅವರೇ."

ಪಾಪ, ಇಂಥ ಹೊತ್ತಿನಲ್ಲೂ ಹುಡುಗಿಗೆ ಆ ಮೆತ್ತನೆಯ ಪ್ರಮೀಳಾಳ ಚಿಂತೆ ಎಂದುಕೊಂಡು ಕಣ್ಣು ತೆರೆದೆ.

ಹದಿನಾಲ್ಕೂ ಕೈ ಮೇಲಿದ್ದವು! ಬಾಗಿಲ ಬಳಿ ಖಲೀಲ್ ಭಾಯಿಯ ಕೈಯೂ ಮೇಲಿತ್ತು. ಅರೆಮನಸ್ಸಿನ ಕೈಗಳಲ್ಲ, ಬಸ್ಸು ನಿಲ್ಲಿಸುವಂತೆ ಚಾಚಿದ ಕೈಗಳು! ಸುಂದರ್ ಬಾಯಿ ತೆರೆದುಕೊಂಡು ನೋಡುತ್ತಾ ನಿಂತ. ಮುದಲಿಯಾರ್ "ಪಾತ್ತಿಯಾ? ನೋಡಿದ್ಯಾ?" ಎಂದು ಅಳಿಯನ ಬೆನ್ನು ತಟ್ಟಿದರು.

ನನಗೆ ದುಃಖ ತಡೆಯಲಾಗಲಿಲ್ಲ. ಧಾರಾಕಾರವಾಗಿ ಅತ್ತೆ. ಬೈಸಿಕೊಂಡರೂ, ಬೆರಳಿಗೆ ಹೊಡೆಸಿಕೊಂಡರೂ, ಈ ಮಕ್ಕಳ ಹೊಟ್ಟೆಯೊಳಗೆ ನನ್ನ ಮೇಲೆ ಎಷ್ಟು ಪ್ರೀತಿ! ರೇಷ್ಮೆ ಸೆರಗಿನಲ್ಲೇ ಮೂಗು ಒರೆಸಿಕೊಂಡು ಎದ್ದು ನಿಂತೆ. ಹದಿನಾರು ವರ್ಷದಲ್ಲಿ ಮೊದಲ ಬಾರಿಗೆ ವಿದ್ಯಾರ್ಥಿಗಳೊಂದಿಗೆ ಮೃದುವಾಗಿ ಮಾತಾಡಿದೆ.

"ಮಕ್ಕಳೇ, ನಿಮ್ಮನ್ನ ಅರ್ಥ ಮಾಡ್ಕೊಳ್ಳೋಕೆ ನನಗೆ ಇಷ್ಟು ದಿನ ಬೇಕಾಯ್ತು. ಇಂಥ ನಿಮ್ಮನ್ನ ಬಿಟ್ಟು ನಾನೊಬ್ಳೇ ಹೆಂಗೆ ಹೋಗ್ಲಿ? ಹೋಗಲ್ಲ! ಮುದಲಿಯಾರ್ ಸಾರ್ ಕಾಲು ಹಿಡಿದಾದ್ರೂ ಸರಿ, ನಿಮ್ಮ ಬ್ಯಾಚ್ ಪೂರ್ತಿ ನನ್ನ ಜೊತೆ ಇಂದಿರಾನಗರಕ್ಕೇ ಕರ್ಕೊಂಡು ಹೋಗ್ತೀನಿ!"

ಹದಿನಾಲ್ಕು ಕೈಗಳೂ ಒಟ್ಟಿಗೆ ಕೆಳಗಿಳಿದವು. ಸ್ಪೀಡ್ ಟೆಸ್ಟಿನಲ್ಲೂ ಅವರು ಅಷ್ಟು ಒಗ್ಗಟ್ಟಿನಿಂದ ಕೈ ಇಳಿಸಿದ್ದನ್ನು ನಾನು ಕಂಡಿರಲಿಲ್ಲ.

ಮೇಲೆ ಉಳಿದದ್ದು ಒಂದೇ ಕೈ. ಅದು ಖಲೀಲ್ ಭಾಯಿಯದು. ಅಲುಗಾಡದೆ, ನೆಟ್ಟಗೆ, ಇನ್ನೂ ಸ್ವಲ್ಪ ಮೇಲಕ್ಕೇ ಹೋಗಿತ್ತು. ಬೇಡ ಎನ್ನುವವರು ಕೈ ಎತ್ತಿ ಎಂದು ಯಾರೂ ಕೇಳಲಿಲ್ಲ.

ನಾನು ಪ್ರಿನ್ಸಿಪಾಲ್ ಆದದ್ದು ಆ ಒಂದೇ ಮತದಿಂದ.